ಕಲ್ಪಿತ ಭಾಷೆಯೂ ಧ್ವನಿನಿಯಮಗಳೂ

ಹೊಸ ಭಾಷೆಗಳನ್ನು ಕಟ್ಟುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ೧೮೮೭ರಲ್ಲಿ ಪ್ರಕಟವಾದ ಎಸ್ಪೆರಾಂಟೊ ಭಾಷೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಜಗತ್ತಿನ ಜನರೆಲ್ಲರೂ ಸುಲಭವಾಗಿ ಕಲಿಯಬಲ್ಲ ಒಂದು ಭಾಷೆಯನ್ನು ಒದಗಿಸಬೇಕೆಂಬುದು ಅದನ್ನು ರಚಿಸಿದ ಜಾಮೆನ್‌ಹೋಫನ ಆಶಯವಾಗಿತ್ತು. ಇಂತಹ ಯಾವ ಲೋಕೋಪಕಾರದ ಉದ್ದೇಶವೂ ಇಲ್ಲದೆ ಹುಟ್ಟಿದ ಭಾಷೆಗಳೂ ಕೆಲವುಂಟು. ನ್ಯೂಜಿಲೆಂಡಿನ ಆಂಡ್ರೂ ಸ್ಮಿತ್ ಎಂಬುವರು ೧೯೯೬ರಲ್ಲಿ ಬ್ರಿಥೆನಿಗ್ ಎಂಬ ಭಾಷೆಯನ್ನು ಕಟ್ಟಿದರು. ರೋಮನರು ಬ್ರಿಟನ್ನನ್ನು ಬಿಟ್ಟುಹೋದ ಮೇಲೆಯೂ ಅಲ್ಲಿಯ ಜನರು ಲ್ಯಾಟಿನ್ನನ್ನೇ ಮನೆಮಾತಾಗಿ ಉಳಿಸಿಕೊಂಡಿದ್ದರೆ ಅದು ಇಂದು ಹೇಗೆ ಕೇಳಿಸುತ್ತಿತ್ತು ಎಂಬ ಪ್ರಶ್ನೆಗೆ ಆ ಭಾಷೆ ಒಂದು ಉತ್ತರ. ೨೦೦೨ರಲ್ಲಿ ಡಚ್ ಭಾಷಾಂತರಕಾರರಾದ ಯಾನ್ ಫಾನ್ ಸ್ಟೇನ್‌ಬೆರ್ಗೆನ್ ಅವರು ಇದೇ ಪ್ರಶ್ನೆಯನ್ನು ಪೋಲೆಂಡಿನ ವಿಷಯದಲ್ಲಿ ಕೇಳಿ ವೆನೆದಿಕ್ ಎಂಬ ಭಾಷೆಯನ್ನು ರಚಿಸಿದರು.

ಯಾರೂ ಆಡದ, ಯಾವ ಊರಿನಲ್ಲಿಯೂ ಇಲ್ಲದ ಭಾಷೆಗೆ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಇದು ಬಿಡುವುಳ್ಳವರ ಆಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇಂತಹ ಭಾಷೆಯೊಂದರ ಧ್ವನಿವ್ಯವಸ್ಥೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆ ಗಮನವಿಟ್ಟು ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ. ನಿಯಮವೆಂದರೇನು, ಸಾಕ್ಷ್ಯವೆಂದರೇನು ಎಂಬುದನ್ನು ಪ್ರಯೋಗಶಾಲೆಯ ಹೊರಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ. ಭಾಷೆಯ ವಿಷಯದಲ್ಲಿ ಸಾಕ್ಷ್ಯದ ಅರಿವಿಲ್ಲದೆ ನಾವು ಎಂತಹ ತಪ್ಪು ತೀರ್ಮಾನಗಳಿಗೆ ಬರುತ್ತೇವೆಂಬುದನ್ನೂ ಅವು ತಿಳಿಸಿಕೊಡುತ್ತವೆ.

ಮೊದಲು ನಿಜವಾದ ಭಾಷೆಗಳನ್ನು ನೋಡೋಣ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ರುಮೇನಿಯನ್ ಮೊದಲಾದವು ಲ್ಯಾಟಿನ್ನಿನಿಂದ ಹುಟ್ಟಿದವು. ಇವುಗಳಿಗೆ ರೊಮಾನ್ಸ್ ಭಾಷೆಗಳೆಂದು ಹೆಸರು. ಲ್ಯಾಟಿನ್ನಿನಲ್ಲಿ ‘ರಾತ್ರಿ’ಗೆ ನೊಕ್ತೆಮ್, ‘ಎಂಟ’ಕ್ಕೆ ಒಕ್ತೋ, ‘ಹಾಲಿ’ಗೆ ಲಕ್ತೆಮ್ ಎಂಬ ರೂಪಗಳಿದ್ದವು. ಮೂರರಲ್ಲಿಯೂ ‘ಕ್ತ’ ಎಂಬ ಸಂಯುಕ್ತಾಕ್ಷರವಿದೆ. ಇಟಾಲಿಯನ್ನಿನಲ್ಲಿ ಇವು ನೊತ್ತೆ, ಒತ್ತೊ, ಲತ್ತೆ ಎಂದಾದುವು. ಸ್ಪ್ಯಾನಿಷಿನಲ್ಲಿ ನೊಚೆ, ಒಚೊ, ಲೆಚೆ. ಪೋರ್ಚುಗೀಸಿನಲ್ಲಿ ನೊಯ್ತೆ, ಒಯ್ತು, ಲೆಯ್ತೆ. ರುಮೇನಿಯನ್ನಿನಲ್ಲಿ ನ್ವಾಪ್ತೆ, ಒಪ್ತ್, ಲಾಪ್ತೆ. ಅಂದರೆ ‘ಕ್ತ’ವು ಒಂದೆಡೆ ‘ತ್ತ’, ಇನ್ನೊಂದೆಡೆ ‘ಚ’, ಮತ್ತೊಂದೆಡೆ ‘ಯ್ತ’, ಬೇರೊಂದೆಡೆ ‘ಪ್ತ’ ಆಯಿತು. ಒಂದೊಂದು ಭಾಷೆಯೂ ತನ್ನ ದಾರಿಯನ್ನು ಹಿಡಿಯಿತು. ಹಿಡಿದ ದಾರಿಯಲ್ಲಿ ಮಾತ್ರ ಮೂರು ಪದಗಳೂ ಒಟ್ಟಿಗೆ ನಡೆದುವು. ರಾತ್ರಿಗೂ ಹಾಲಿಗೂ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಧ್ವನಿಯು ಬದಲಾಗುವಾಗ ಪದದ ಅರ್ಥವನ್ನು ಕೇಳುವುದಿಲ್ಲ. ಅಕ್ಕಪಕ್ಕದ ಧ್ವನಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದಕ್ಕೆ ಧ್ವನಿನಿಯಮವೆಂದು ಹೆಸರು.

ಈ ನಿಯಮಗಳಲ್ಲಿ ಅನೇಕಕ್ಕೆ ಶರೀರದಲ್ಲಿಯೇ ಕಾರಣವುಂಟು. ‘ನೂರು’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಕೆಂತುಮ್ ಎನ್ನುತ್ತಿದ್ದರು. ಇದು ಇಟಾಲಿಯನ್ನಿನಲ್ಲಿ ಚೆಂತೊ ಆಗಿದೆ. ‘ಕ’ಕಾರವನ್ನು ಉಚ್ಚರಿಸುವಾಗ ನಾಲಗೆಯ ಹಿಂಭಾಗವು ಮೆದುವಾದ ಅಂಗುಳವನ್ನು ಮುಟ್ಟುತ್ತದೆ. ‘ಇ’, ‘ಎ’ ಸ್ವರಗಳಿಗಾದರೋ ನಾಲಗೆಯು ಮುಂದೆ ಸರಿದು ಮೇಲಕ್ಕೇಳಬೇಕು. ಮುಂದೆ ಬರಲಿರುವ ಸ್ವರಕ್ಕೆ ನಾಲಗೆ ಮೊದಲೇ ಸಿದ್ಧವಾದರೆ ‘ಕ’ಕಾರದ ಸ್ಪರ್ಶಸ್ಥಾನವೂ ಮುಂದೆ ಸರಿಯುತ್ತದೆ. ತಲೆಮಾರುಗಳು ಕಳೆದಂತೆ ಅದು ‘ಚ’ಕಾರವಾಗಿ ನಿಲ್ಲುತ್ತದೆ. ಸಾರ್ಡೀನಿಯಾ ದ್ವೀಪದಲ್ಲಿ ಮಾತ್ರ ಈ ಬದಲಾವಣೆ ನಡೆಯಲಿಲ್ಲ. ಅಲ್ಲಿ ಇಂದಿಗೂ ನೂರಕ್ಕೆ ಕೆಂತು ಎಂದೇ ಹೇಳುವವರಿದ್ದಾರೆ.

ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯಲ್ಲ. ನಮ್ಮ ‘ಕಿವಿ’ಯು ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ‘ಚೆವಿ’. ನಮ್ಮ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ನಮ್ಮ ‘ಕೆಂದಾವರೆ’ ತಮಿಳಿನಲ್ಲಿ ‘ಚೆಂದಾಮರೈ’. ‘ಇ’, ‘ಎ’ ಸ್ವರಗಳ ಹಿಂದಿದ್ದ ‘ಕ’ಕಾರವು ಆ ಭಾಷೆಗಳಲ್ಲಿ ‘ಚ’ಕಾರವಾಯಿತು, ಕನ್ನಡದಲ್ಲಿ ಉಳಿದುಕೊಂಡಿತು. ಈ ಒಂದು ವಿಷಯದಲ್ಲಿ ಇಟಾಲಿಯನ್ನಿಗೆ ಸಾರ್ಡೀನಿಯನ್ ಹೇಗೋ ತಮಿಳು ತೆಲುಗುಗಳಿಗೆ ಕನ್ನಡ ಹಾಗೆ. ದ್ರಾವಿಡ ಭಾಷೆಗಳಿಗೂ ಲ್ಯಾಟಿನ್ನಿಗೂ ರಕ್ತಸಂಬಂಧವಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಮನುಷ್ಯರ ನಾಲಗೆ ಅಂಗುಳಗಳ ರಚನೆ ಎಲ್ಲ ಕಡೆಯಲ್ಲಿಯೂ ಒಂದೇ ಆದುದರಿಂದ ಒಂದೇ ಬಗೆಯ ಬದಲಾವಣೆ ಎರಡು ಕಡೆ ಬೇರೆ ಬೇರೆಯಾಗಿ ನಡೆಯಿತೆಂದು ಮಾತ್ರ ಸಿದ್ಧವಾಗುತ್ತದೆ.

ಇನ್ನೊಂದು ಉದಾಹರಣೆ. ಲ್ಯಾಟಿನ್ನಿನ ಲುಪುಸ್, ಅಂದರೆ ತೋಳ, ಸ್ಪ್ಯಾನಿಷಿನಲ್ಲಿ ಲೊಬೊ ಆಯಿತು. ವೀತಾ, ಅಂದರೆ ಬಾಳು, ವಿದಾ ಆಯಿತು. ಸ್ವರಗಳನ್ನು ನುಡಿಯುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತಿರುತ್ತವೆ. ಎರಡು ಸ್ವರಗಳ ನಡುವೆ ‘ಪ’ಕಾರ ಬಂದಾಗ ಆ ಕಂಪನವು ಕ್ಷಣಕಾಲ ನಿಂತು ಮತ್ತೆ ಮೊದಲಾಗಬೇಕು. ಅದು ನಿಲ್ಲದೆ ಮುಂದುವರಿದರೆ ‘ಪ’ಕಾರವು ‘ಬ’ಕಾರವಾಗಿಯೂ ‘ತ’ಕಾರವು ‘ದ’ಕಾರವಾಗಿಯೂ ಕೇಳಿಸುತ್ತವೆ. ಭೌತಶಾಸ್ತ್ರವನ್ನು ಓದುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಕಂಪಿಸುತ್ತಿರುವ ವಸ್ತುವನ್ನು ತಡೆದು ಮತ್ತೆ ಕಂಪಿಸುವಂತೆ ಮಾಡುವುದು ಒಂದು ಹೆಚ್ಚಿನ ಕೆಲಸವೇ ಸರಿ.

ಈಗ ಬ್ರಿಥೆನಿಗ್ ಭಾಷೆಗೆ ಬರೋಣ. ಇದರ ಕರ್ತೃವು ಧ್ವನಿಗಳನ್ನು ಮನಬಂದಂತೆ ಆರಿಸಿಕೊಳ್ಳಲಿಲ್ಲ. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿರುವ ವೆಲ್ಷ್ ಭಾಷೆಯು ಯಾವ ಧ್ವನಿಬದಲಾವಣೆಗಳಿಗೆ ಒಳಗಾಯಿತೋ ಅವನ್ನೇ ಲ್ಯಾಟಿನ್ನಿಗೆ ಅನ್ವಯಿಸಿದರು. ವೆಲ್ಷ್ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಯಲ್ಲ. ಅದು ಕೆಲ್ಟಿಕ್ ಕುಟುಂಬಕ್ಕೆ ಸೇರಿದ್ದು. ಆದರೆ ಕ್ರಿ.ಶ. ೪೩ರಿಂದ ಸುಮಾರು ೪೧೦ರವರೆಗೆ ರೋಮನರು ಬ್ರಿಟನ್ನಿನಲ್ಲಿ ಆಳಿದಾಗ ನೂರಾರು ಲ್ಯಾಟಿನ್ ಪದಗಳು ಅಲ್ಲಿಯ ಜನರ ಬಾಯಿಗೆ ಬಂದುವು. ಬಂದಮೇಲೆ ನಾಡಿನ ಪದಗಳೊಡನೆ ತಾವೂ ಬದಲಾದುವು. ‘ಜನ’ ಎಂಬ ಅರ್ಥದ ಪೊಪುಲುಸ್ ವೆಲ್ಷಿನಲ್ಲಿ ಪೊಬ್ಲ್ ಆಗಿದೆ. ‘ದ್ರಾಕ್ಷಾರಸ’ವೆಂಬ ಅರ್ಥದ ವೀನುಮ್ ಗ್ವಿನ್ ಆಗಿದೆ. ನಾವು ಮೇಲೆ ಕಂಡ ಲಕ್ತೆಮ್ ವೆಲ್ಷಿನಲ್ಲಿ ಲ್ಹೈಥ್ ಆಗಿದೆ. ಇಲ್ಲಿಯ ‘ಲ್ಹ’ವು ‘ಲ’ಕಾರದ ಸ್ಥಾನದಲ್ಲಿ ನಾಲಗೆಯನ್ನಿಟ್ಟು ಬರಿಯ ಉಸಿರನ್ನು ಊದುವ ಸದ್ದು, ಕೊನೆಯ ‘ಥ್’ ಇಂಗ್ಲಿಷಿನ ‘ಥಿನ್’ ಪದದ ಮೊದಲ ಸದ್ದು. ಅಂದರೆ ‘ಅಕ್ತ’ ಎಂಬುದಕ್ಕೆ ವೆಲ್ಷ್ ನೆಲದಲ್ಲಿ ‘ಐಥ್’ ಎಂದು ಉತ್ತರ. ಹೀಗಿರಲು ‘ಮಾಡಲ್ಪಟ್ಟದ್ದು’ ಎಂಬ ಅರ್ಥದ ಲ್ಯಾಟಿನ್ ಫಕ್ತುಮ್ ಬ್ರಿಥೆನಿಗ್ಗಿನಲ್ಲಿ ಏನಾಗಬೇಕು? ವಾಚಕರು ಊಹಿಸಬಹುದು: ಫೈಥ್. ಆ ಭಾಷೆಯಲ್ಲಿ ಇರುವುದೂ ಅದೇ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ವೆಲ್ಷಿನಲ್ಲಿ ಪದದ ಮೊದಲಕ್ಷರವೇ ಬದಲಾಗುವುದುಂಟು. ‘ತಂದೆ’ಗೆ ತಾದ್ ಎಂಬುದು ಪದ; ‘ಅವನ ತಂದೆ’ ಎನ್ನುವಾಗ ಅದು ದಾದ್ ಆಗುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ಬಹಳ ವಿಚಿತ್ರವಾಗಿ ತೋರುತ್ತದೆ. ಕಾರಣವನ್ನು ಹುಡುಕಿದರೆ, ಹಿಂದೆ ‘ಅವನ’ ಎಂಬ ಪದವು ಸ್ವರದಲ್ಲಿ ಮುಗಿಯುತ್ತಿತ್ತು. ಆದುದರಿಂದ ಮುಂದಿನ ಪದದ ‘ತ’ಕಾರವು ಎರಡು ಸ್ವರಗಳ ನಡುವೆ ಸಿಕ್ಕಿ, ಸ್ಪ್ಯಾನಿಷಿನ ವಿದಾದಲ್ಲಿ ಆದಂತೆಯೇ ‘ದ’ಕಾರವಾಯಿತು. ಆ ಸ್ವರವು ಮುಂದೆ ಲೋಪವಾದರೂ ಅದರ ಗುರುತು ಉಳಿಯಿತು. ಬ್ರಿಥೆನಿಗ್ಗಿನಲ್ಲಿ ‘ಭೂಮಿ’ಗೆ ತೆರ್ ಎಂದು ಪದ, ಲ್ಯಾಟಿನ್ನಿನ ತೆರ್ರಾದಿಂದ ಬಂದದ್ದು. ಹಿಂದೆ ‘ಲ್ಹಾ’ ಎಂಬ ನಿರ್ದೇಶಕ ಪದವು ಸೇರಿದೊಡನೆ ಅದು ‘ಲ್ಹಾ ದೆರ್’ ಆಗುತ್ತದೆ. ಲ್ಯಾಟಿನ್ನಿನ ‘ಇಲ್ಲಾ ತೆರ್ರಾ’ ಎಂಬಲ್ಲಿ ‘ತ’ಕಾರದ ಎರಡು ಕಡೆಯಲ್ಲಿಯೂ ಸ್ವರಗಳಿದ್ದುವಲ್ಲವೆ? ಒಂದು ಧ್ವನಿನಿಯಮದಿಂದ ಒಂದು ವ್ಯಾಕರಣ ಪ್ರಕರಣವೇ ಹುಟ್ಟಿತು.

ವೆನೆದಿಕ್ಕಿನಲ್ಲಿ ನಿಯಮಗಳು ಬೇರೆ, ಏಕೆಂದರೆ ಅಲ್ಲಿ ಮಾದರಿ ಪೋಲಿಷ್ ಭಾಷೆ. ‘ಪೂಜಾಪೀಠ’ವೆಂಬ ಅರ್ಥದ ಲ್ಯಾಟಿನ್ ಅಲ್ತಾರೆಯು ಬೇರೆ ಭಾಷೆಗಳ ಮೂಲಕ ಪೋಲಿಷಿಗೆ ಬಂದು ಒವ್ತಾಷ್ ಆಯಿತು. ಮೊದಲ ಹ್ರಸ್ವ ‘ಅ’ವು ‘ಒ’ ಆಗಿದೆ. ‘ಎ’ಕಾರದ ಹಿಂದಿದ್ದ ‘ರ’ಕಾರವು ‘ಷ’ಕಾರಕ್ಕೆ ಸಮೀಪವಾದ ಸದ್ದಾಗಿದೆ. ವೆನೆದಿಕ್ಕಿನಲ್ಲಿ ‘ತಂದೆ’ ಎಂಬರ್ಥದ ಪತೆರ್ ಪದವು ಪೊತ್ಶೆ ಆಗಿರುವುದು ಇದೇ ನಿಯಮಗಳಿಂದ. ಬ್ರಿಥೆನಿಗ್ಗಿನಲ್ಲಿ ಅದೇ ಪದ ಪದ್ರ್. ಮೂಲ ಒಂದು, ನಿಯಮಗಳು ಎರಡು ಬಗೆ, ಫಲವೂ ಎರಡು. ಒಂದೇ ಚೆಂಡನ್ನು ಭೂಮಿಯ ಮೇಲೂ ಚಂದ್ರನ ಮೇಲೂ ಎಸೆದರೆ ಎಷ್ಟು ದೂರ ಹೋಗುವುದೆಂದು ಲೆಕ್ಕಹಾಕುವ ವಿದ್ಯಾರ್ಥಿಗೆ ಈ ಕ್ರಮವು ಹೊಸದಲ್ಲ.

ಕಲ್ಪಿತ ಭಾಷೆಗಳೆಲ್ಲವೂ ಹೀಗೆ ಮುಂದಕ್ಕೆ ನಡೆದವುಗಳಲ್ಲ. ೧೯೨೪ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಹಾಯಕ ಭಾಷಾ ಸಂಘವು ೧೯೫೧ರಲ್ಲಿ ಇಂಟರ್‌ಲಿಂಗುವಾ ಎಂಬ ಭಾಷೆಯನ್ನು ಪ್ರಕಟಿಸಿತು. ಇದರಲ್ಲಿ ಇಂದಿನ ಭಾಷೆಗಳ ಪದಗಳನ್ನು ಜೊತೆಯಲ್ಲಿಟ್ಟು ಅವೆಲ್ಲಕ್ಕೂ ಮೂಲವಾಗಬಲ್ಲ ರೂಪವನ್ನು ಆರಿಸಿದರು. ಆದುದರಿಂದ ಇಂಟರ್‌ಲಿಂಗುವಾದಲ್ಲಿ ರಾತ್ರಿಗೆ ನೊಕ್ತೆ, ಎಂಟಕ್ಕೆ ಒಕ್ತೊ, ಹಾಲಿಗೆ ಲಕ್ತೆ. ಇದು ಹಿಂದಕ್ಕೆ ನಡೆದ ಲೆಕ್ಕ. ಹಿಂದಕ್ಕೆ ನಡೆಯುವುದಕ್ಕೆ ಒಂದೇ ಭಾಷೆ ಸಾಲದು. ಫ್ರೆಂಚಿನಲ್ಲಿ ‘ರಕ್ತ’, ‘ನೂರು’, ‘ಇಲ್ಲದೆ’ ಎಂಬ ಮೂರೂ ಅರ್ಥಗಳಲ್ಲಿ ಕೇಳಿಸುವುದು ‘ಸಾಂ’ ಎಂಬ ಒಂದೇ ಅನುನಾಸಿಕ ಸದ್ದು. ಕಿವಿಯಿಂದ ಕೇಳಿ ಮೂಲವನ್ನು ಹೇಳುವುದು ಅಸಾಧ್ಯ. ಬಿಸಿನೀರನ್ನೂ ತಣ್ಣೀರನ್ನೂ ಬೆರೆಸಿದ ಮೇಲೆ ಆ ಉಗುರುಬೆಚ್ಚಗಿನ ನೀರಿನಿಂದ ಮೊದಲಿನ ಎರಡು ಉಷ್ಣತೆಗಳನ್ನು ತಿಳಿಯಲಾಗದಷ್ಟೆ. ಪಕ್ಕದಲ್ಲಿ ಇಟಾಲಿಯನ್ನಿನ ಸಂಗ್ವೆ, ಚೆಂತೊ, ಸೆಂತ್ಸಾ ಎಂಬ ರೂಪಗಳನ್ನಿಟ್ಟರೆ ಮಾತ್ರ ಕಳೆದುಹೋದ ಭೇದಗಳು ಮತ್ತೆ ಕಾಣುತ್ತವೆ. ಭಾಷಾಶಾಸ್ತ್ರಜ್ಞರು ಸೋದರಭಾಷೆಗಳನ್ನು ಹೋಲಿಸುವುದು ಇದೇ ಕಾರಣಕ್ಕೆ.

ಈ ಕ್ರಮದಿಂದ ಮುಂದಾಗುವುದನ್ನು ಹೇಳಲು ಸಾಧ್ಯವೆ? ಒಂದು ಪ್ರಸಿದ್ಧ ಸಂದರ್ಭದಲ್ಲಿ ಸಾಧ್ಯವಾಯಿತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಸ್ವರಗಳನ್ನು ಹೋಲಿಸಿ ನೋಡಿದ ಫರ್ದಿನಾಂದ್ ದ ಸೊಸ್ಯೂರ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯು, ಅವುಗಳ ಮೂಲಭಾಷೆಯಲ್ಲಿ ಮುಂದೆ ಲೋಪವಾದ ಕೆಲವು ಧ್ವನಿಗಳಿದ್ದಿರಬೇಕೆಂದು ತರ್ಕಿಸಿದನು. ಅವನ ಗ್ರಂಥದ ಮೇಲಿರುವ ವರ್ಷ ೧೮೭೯. ಅಂದು ತಿಳಿದಿದ್ದ ಯಾವ ಭಾಷೆಯಲ್ಲಿಯೂ ಆ ಧ್ವನಿಗಳು ವ್ಯಂಜನಗಳಾಗಿ ಕಂಡಿರಲಿಲ್ಲ. ೧೯೦೬ರಿಂದ ತುರ್ಕಿಯ ಬೊಗಾಜ್‌ಕೋಯ್ ಎಂಬಲ್ಲಿ ನಡೆದ ಉತ್ಖನನದಲ್ಲಿ ಸಾವಿರಾರು ಮಣ್ಣಿನ ಫಲಕಗಳು ದೊರೆತುವು. ಅವುಗಳಲ್ಲಿದ್ದ ಹಿಟ್ಟೈಟ್ ಭಾಷೆಯನ್ನು ಹ್ರೋಜ್ನಿ ಎಂಬ ಪಂಡಿತನು ೧೯೧೫ರಲ್ಲಿ ಓದಿದನು. ೧೯೨೭ರಲ್ಲಿ ಪೋಲೆಂಡಿನ ಕುರಿವೊವಿಚ್ ಎಂಬಾತನು, ಸೊಸ್ಯೂರ್ ಹೇಳಿದ ಸ್ಥಾನಗಳಲ್ಲಿ ಕೆಲವೆಡೆ ಆ ಭಾಷೆಯಲ್ಲಿ ‘ಹ’ಕಾರದಂತಹ ವ್ಯಂಜನವಿರುವುದನ್ನು ತೋರಿಸಿಕೊಟ್ಟನು. ಯುರೇನಸ್ಸಿನ ಚಲನೆಯ ಲೆಕ್ಕದಿಂದ ೧೮೪೬ರಲ್ಲಿ ನೆಪ್ಚೂನ್ ಗ್ರಹವನ್ನು ಕಂಡುಹಿಡಿದ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಈ ಸಂಗತಿಯನ್ನೂ ಅದರ ಪಕ್ಕದಲ್ಲಿಟ್ಟು ಹೇಳುವುದು ನ್ಯಾಯವಾದುದು.

ಇನ್ನು ನಮ್ಮನ್ನು ಈ ಲೇಖನಕ್ಕೆ ಪ್ರೇರಿಸಿದ ವಿಷಯಕ್ಕೆ ಬರುತ್ತೇವೆ. ಎರಡು ಭಾಷೆಗಳ ಹತ್ತಾರು ಪದಗಳನ್ನು ಸಾಲಾಗಿ ಬರೆದು, ಅವು ಕಿವಿಗೆ ಒಂದೇ ರೀತಿ ಕೇಳಿಸುತ್ತವೆಂಬ ಕಾರಣದಿಂದಲೇ ಒಂದು ಭಾಷೆ ಇನ್ನೊಂದರಿಂದ ಹುಟ್ಟಿತೆಂದು ಸಾರುವ ಪದ್ಧತಿ ನಮ್ಮಲ್ಲಿ ಬಹಳವಾಗಿದೆ. ಕನ್ನಡದ ‘ಒಂದು’ ಇಂಗ್ಲಿಷಿನ ‘ವನ್’ ಆಯಿತೆಂದು ಹೇಳುವವರನ್ನು ಯಾರು ಕೇಳಿಲ್ಲ? ಇಂಗ್ಲಿಷಿನ ಆ ಪದದ ಮೊದಲಲ್ಲಿ ಈಗ ಕೇಳುವ ‘ವ’ಕಾರವು ಬಹಳ ಈಚಿನದು, ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್’ ಎಂದಿತ್ತು. ಲ್ಯಾಟಿನ್ನಿನ ‘ಊನುಸ್’ ಅದರ ನಿಜವಾದ ಬಂಧು. ನಮ್ಮ ‘ಒಂದು’ ಪದವಾದರೋ ‘ಒಬ್ಬ’, ‘ಓರ್ವ’ ಮೊದಲಾದವುಗಳ ಮನೆಯದು. ಲ್ಯಾಟಿನ್ನಿನಲ್ಲಿ ‘ದೇವರು’ ದೆಯುಸ್, ಗ್ರೀಕಿನಲ್ಲಿ ಥೆಯೊಸ್. ಅರ್ಥ ಒಂದೇ, ಸದ್ದೂ ಹೆಚ್ಚು ಕಡಮೆ ಒಂದೇ. ಆದರೆ ಮೂಲ ಬೇರೆ. ದೆಯುಸ್ ಪದವು ಸಂಸ್ಕೃತದ ‘ದೇವ’ಕ್ಕೆ ಬಂಧು, ಥೆಯೊಸ್ ಅಲ್ಲ. ಲ್ಯಾಟಿನ್ನಿನ ಹಬೇರೆಗೂ ಇಂಗ್ಲಿಷಿನ ‘ಹ್ಯಾವ್’ಗೂ ‘ಹೊಂದಿರು’ ಎಂಬ ಒಂದೇ ಅರ್ಥವಿದ್ದರೂ ಸಂಬಂಧವಿಲ್ಲ. ಲ್ಯಾಟಿನ್ನಿನ ‘ಕ’ಕಾರಕ್ಕೆ ಇಂಗ್ಲಿಷಿನಲ್ಲಿ ‘ಹ’ಕಾರವು ಬರುವುದು ನಿಯಮ. ಕೊಂಬಿಗೆ ಅಲ್ಲಿ ಕೊರ್ನು, ಇಲ್ಲಿ ಹಾರ್ನ್. ನೂರಕ್ಕೆ ಅಲ್ಲಿ ಕೆಂತುಮ್, ಇಲ್ಲಿ ಹಂಡ್ರೆಡ್. ಹೀಗಾಗಿ ‘ಹ್ಯಾವ್’ನ ನಿಜವಾದ ನಂಟ ‘ಹಿಡಿ’ ಎಂಬರ್ಥದ ಲ್ಯಾಟಿನ್ ಕಪೆರೆ. ಬಂಧುತ್ವಕ್ಕೆ ಸಾಕ್ಷ್ಯವಾಗುವುದು ಕ್ರಮಬದ್ಧವಾದ ವ್ಯತ್ಯಾಸ. ಬರಿಯ ಹೋಲಿಕೆಯು ಎಷ್ಟೋ ವೇಳೆ ಆಕಸ್ಮಿಕ.

ಆಕಸ್ಮಿಕವು ಎಷ್ಟು ಸುಲಭವಾಗಿ ಒದಗುವುದೆಂಬುದನ್ನು ವಾಚಕರೇ ಪರೀಕ್ಷಿಸಬಹುದು. ಹಳಗನ್ನಡದಲ್ಲಿ ಪದದ ಮೊದಲಿದ್ದ ‘ಪ’ಕಾರವು ಮುಂದೆ ‘ಹ’ಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಈ ನಿಯಮವನ್ನು ಲ್ಯಾಟಿನ್ನಿಗೆ ಅನ್ವಯಿಸಿ, ಇಟಾಲಿಯನ್ನಿನಲ್ಲಿ ಆದಂತೆ ಕೊನೆಯ ‘ಸ್’ಕಾರವನ್ನು ಬಿಟ್ಟುಬಿಟ್ಟರೆ, ‘ರೊಟ್ಟಿ’ಯೆಂಬ ಅರ್ಥದ ಪಾನಿಸ್ ‘ಹಾನಿ’ಯಾಗುತ್ತದೆ! ರೊಟ್ಟಿಯಿಂದ ಹಾನಿಯೆಂದು ಇದರಿಂದ ಯಾರಾದರೂ ವೈದ್ಯಸಿದ್ಧಾಂತವನ್ನು ಹೊರಡಿಸಿದರೆ ನಾವು ನಗುತ್ತೇವೆ. ಸದ್ದಿನ ಹೋಲಿಕೆಯಿಂದ ಜನಾಂಗಗಳ ಚರಿತ್ರೆಯನ್ನು ಹೊರಡಿಸಿದಾಗ ಮಾತ್ರ ಕೈತಟ್ಟುತ್ತೇವೆ. ಇದು ಸರಿಯಲ್ಲ.

ಧ್ವನಿನಿಯಮಗಳ ಮಿತಿಯನ್ನೂ ಹೇಳದೆ ಬಿಡುವುದು ಉಚಿತವಲ್ಲ. ೧೮೭೮ರಲ್ಲಿ ಜರ್ಮನಿಯ ಓಸ್ತೋಫ್, ಬ್ರುಗ್ಮನ್ ಎಂಬ ಪಂಡಿತರು ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ಘೋಷಿಸಿದರು. ಆದರೆ ಈ ನಿಯಮವು ಗುರುತ್ವಾಕರ್ಷಣದಂತೆ ಸರ್ವದೇಶ ಸರ್ವಕಾಲಗಳಿಗೆ ಸಲ್ಲುವಂಥದಲ್ಲ. ಒಂದು ನಾಡಿನಲ್ಲಿ ಒಂದು ಕಾಲದಲ್ಲಿ ಮೊದಲಾಗಿ ಇನ್ನೊಂದು ಕಾಲದಲ್ಲಿ ನಿಂತುಹೋಗುತ್ತದೆ. ‘ಹಕ್ಕಿ’ಯೂ ‘ಪಕ್ಷಿ’ಯೂ ಇಂದು ನಮ್ಮಲ್ಲಿ ಒಟ್ಟಿಗೆ ಇರುವುದು ಇದರಿಂದಲೇ: ಮೊದಲನೆಯದು ಪ್ರಾಕೃತದ ಮೂಲಕ ಬಂದು ನಿಯಮಕ್ಕೆ ಒಳಗಾಯಿತು, ಎರಡನೆಯದು ಪಂಡಿತರ ಬರವಣಿಗೆಯಿಂದ ಬಂದು ಹಾಗೆಯೇ ಉಳಿಯಿತು. ಫ್ರೆಂಚಿನಲ್ಲಿಯೂ ಲ್ಯಾಟಿನ್ನಿನ ಕೌಸಾ ಎಂಬ ಒಂದೇ ಪದದಿಂದ ‘ಶೋಜ್’ ಮತ್ತು ‘ಕೋಜ್’ ಎಂಬ ಎರಡು ಪದಗಳುಂಟು. ಮೊದಲನೆಯದು ಜನರ ಬಾಯಿಂದ, ಎರಡನೆಯದು ಪುಸ್ತಕದಿಂದ. ಕಲ್ಪಿತ ಭಾಷೆಗೂ ಮಿತಿಯುಂಟು. ಬ್ರಿಟನ್ನಿನ ಲ್ಯಾಟಿನ್ ಖಂಡಿತವಾಗಿ ಬ್ರಿಥೆನಿಗ್ಗಿನಂತೆಯೇ ಆಗುತ್ತಿತ್ತೆಂದು ಯಾರೂ ಹೇಳಲಾರರು. ಚರಿತ್ರೆಯನ್ನು ಮತ್ತೊಮ್ಮೆ ನಡೆಸಿ ನೋಡುವುದು ನಮ್ಮ ಕೈಯಲ್ಲಿಲ್ಲ. ಅದು ಒಂದು ಮಾದರಿ. ಘರ್ಷಣೆಯಿಲ್ಲದ ತಲ, ತೂಕವಿಲ್ಲದ ದಾರ ಇವುಗಳನ್ನು ಕಲ್ಪಿಸಿಕೊಂಡು ನಾವು ಲೆಕ್ಕ ಮಾಡುವಂತೆ, ಇಲ್ಲಿ ನಿಯಮವು ಹೇಗೆ ಕೆಲಸಮಾಡುವುದೆಂಬುದನ್ನು ತಿಳಿಯಲು ಒಂದು ನಾಡನ್ನು ಕಲ್ಪಿಸಿಕೊಳ್ಳುತ್ತೇವೆ.

ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರದ ಕೊಠಡಿಗೂ ಭಾಷೆಯ ಕೊಠಡಿಗೂ ನಡುವೆ ಒಂದು ಗೋಡೆಯಿದೆ. ಒಂದರಲ್ಲಿ ನಿಯಮ, ಇನ್ನೊಂದರಲ್ಲಿ ಅಭಿರುಚಿ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಈ ಭಾವನೆ ಹೋಗಬೇಕಾದರೆ ದುಬಾರಿಯಾದ ಉಪಕರಣಗಳು ಬೇಕಿಲ್ಲ. ಹತ್ತು ಲ್ಯಾಟಿನ್ ಪದಗಳನ್ನೂ ಐದು ಧ್ವನಿನಿಯಮಗಳನ್ನೂ ಕೊಟ್ಟು, ನಿಯಮಗಳ ಅನುಕ್ರಮವನ್ನು ಹಿಂದುಮುಂದು ಮಾಡಿದರೆ ಫಲವು ಹೇಗೆ ಬೇರೆಯಾಗುವುದೆಂದು ಲೆಕ್ಕಹಾಕಲು ಹೇಳಿದರೆ ಸಾಕು. ಅನಂತರ ಹಳಗನ್ನಡದ ಹತ್ತು ಪದಗಳನ್ನು ಕೊಟ್ಟು ಅದೇ ಕೆಲಸವನ್ನು ಮಾಡಿಸಬಹುದು. ಇದನ್ನು ಒಂದು ಸಲ ತನ್ನ ಕೈಯಿಂದ ಮಾಡಿದ ವಿದ್ಯಾರ್ಥಿಯು, ಮುಂದೆ ಯಾರಾದರೂ ಹೋಲುವ ಪದಗಳ ಪಟ್ಟಿಯನ್ನು ಹಿಡಿದು ಬಂದಾಗ, ‘ಇದರ ನಿಯಮವೇನು? ಅದೇ ನಿಯಮಕ್ಕೆ ಒಳಪಡುವ ಬೇರೆ ಪದಗಳಾವುವು?’ ಎಂದು ಕೇಳುತ್ತಾನೆ. ಅಷ್ಟನ್ನು ಕೇಳಲು ಕಲಿತರೆ ಇಲ್ಲದ ಭಾಷೆಯೊಂದರ ಮೇಲೆ ಕಳೆದ ಹೊತ್ತು ವ್ಯರ್ಥವಾಯಿತೆಂದು ನಾವು ತಿಳಿಯುವುದಿಲ್ಲ.